ನೀರಿನ ಮೇಲಿನ ಅಧಿಕಾರ: ಚೀನಾದ ಡ್ರ್ಯಾಗನ್, ಯುರೋಪಿನ ಡ್ರ್ಯಾಗನ್

ಟಾಂಗ್ ಅರಸರ ರಾಜಧಾನಿ ಛಾಂಗ್‌ಆನ್‌ನಲ್ಲಿ ಒಬ್ಬ ಜೋಯಿಸನಿದ್ದನಂತೆ. ಪಕ್ಕದ ಜಿಂಗ್ ನದಿಯಲ್ಲಿ ಎಲ್ಲಿ ಬಲೆ ಬೀಸಿದರೆ ಮೀನು ಸಿಗುತ್ತದೆ ಎಂಬುದನ್ನು ಅವನು ಒಬ್ಬ ಬೆಸ್ತನಿಗೆ ದಿನವೂ ಕರಾರುವಾಕ್ಕಾಗಿ ಹೇಳಿಕೊಡುತ್ತಿದ್ದ. ತನ್ನ ಪ್ರಜೆಗಳು ಹೀಗೆ ದಿನದಿನಕ್ಕೆ ಕಡಿಮೆಯಾಗುತ್ತಿರುವುದನ್ನು ಕಂಡು ಕೆರಳಿದ ನದಿಯ ಡ್ರ್ಯಾಗನ್ ರಾಜ ಮನುಷ್ಯರೂಪ ತಾಳಿ ಜೋಯಿಸನ ಎದುರಿಗೆ ಬಂದು ಕುಳಿತ. ‘ನಾಳೆ ಮಳೆ ಯಾವ ಹೊತ್ತಿಗೆ ಬರುತ್ತದೆ, ಎಷ್ಟು ಬರುತ್ತದೆ ಹೇಳು ನೋಡೋಣ’ ಎಂದು ಸವಾಲು ಹಾಕಿದ. ಜೋಯಿಸ ಮೋಡ ಕವಿಯುವ ಹೊತ್ತು, ಗುಡುಗುವ ಹೊತ್ತು, ಮಳೆ ಬೀಳುವ ಹೊತ್ತು ಎಲ್ಲವನ್ನೂ ಹೇಳಿ, ಒಟ್ಟು ಮಳೆ ಮೂರು ಅಡಿ ಮೂರು ಅಂಗುಲ, ಅದರ ಮೇಲೆ ನಲವತ್ತೆಂಟು ಹನಿ ಎಂದ. ಮಳೆ ಸುರಿಸುವವನು ತಾನೇ ಆಗಿರುವಾಗ ಇವನಿಗೇನು ಗೊತ್ತು ಎಂದು ಡ್ರ್ಯಾಗನ್ ನಗುತ್ತಾ ಅರಮನೆಗೆ ಮರಳಿದರೆ, ಸ್ವರ್ಗದ ಚಕ್ರವರ್ತಿಯ ಆಜ್ಞಾಪತ್ರ ಅಲ್ಲಿಗೆ ಬಂದು ಕಾದಿತ್ತು. ಅದರಲ್ಲಿ ಬರೆದಿದ್ದ ಹೊತ್ತೂ ಅಳತೆಯೂ ಜೋಯಿಸ ಹೇಳಿದ್ದಕ್ಕೆ ಒಂದು ಹನಿಯೂ ವ್ಯತ್ಯಾಸವಿರಲಿಲ್ಲ. ಪಂತ ಸೋಲಬಾರದೆಂದು ಡ್ರ್ಯಾಗನ್ ರಾಜ ಮಳೆಯನ್ನು ತುಸು ತಡಮಾಡಿದ. ಮೂರು ಅಂಗುಲ, ಎಂಟು ಹನಿ ಕಡಿಮೆ ಸುರಿಸಿದ. ಆ ಅಪರಾಧಕ್ಕೆ ಅವನಿಗೆ ಮರಣದಂಡನೆಯಾಯಿತು. ಶಿಕ್ಷೆ ಜಾರಿಮಾಡಬೇಕಾದವನು ಟಾಂಗ್ ಚಕ್ರವರ್ತಿ ತೈಜೊಂಗನ ಮಂತ್ರಿ ವೇ ಝೆಂಗ್. ಡ್ರ್ಯಾಗನ್‌ಗೆ ಅಭಯ ಕೊಟ್ಟಿದ್ದ ಚಕ್ರವರ್ತಿ, ಆ ಹೊತ್ತು ಕಳೆಯಲಿ ಎಂದು ಮಂತ್ರಿಯನ್ನು ಎದುರಿಗೆ ಕೂರಿಸಿಕೊಂಡು ಮಣೆಯಾಟ ಆಡತೊಡಗಿದ. ಆಟದ ನಡುವೆ ಮಂತ್ರಿ ತೂಕಡಿಸಿದ. ಕನಸಿನಲ್ಲಿಯೇ ಹೋಗಿ ಡ್ರ್ಯಾಗನ್ನಿನ ತಲೆ ಕಡಿದು ಬಂದ.

16ನೆಯ ಶತಮಾನದ, ಮಿಂಗ್ ಕಾಲದ ‘ಪಶ್ಚಿಮ ಯಾತ್ರೆ’ ಎಂಬ ಕಾದಂಬರಿಯಲ್ಲಿ ಈ ಕಥೆ ಬರುತ್ತದೆ. ಇಮ್ಮಡಿ ಪುಲಕೇಶಿಯ ರಾಜ್ಯದ ಬಗ್ಗೆ ಬರೆದಿಟ್ಟ ಹ್ಯೂಯೆನ್‌ತ್ಸಾಂಗನ ಭಾರತ ಪ್ರಯಾಣವೇ ಆ ಕೃತಿಯ ಹಂದರ ಎಂಬುದನ್ನು ನಿಮ್ಮಲ್ಲಿ ಕೆಲವರು ಬಲ್ಲಿರಿ. ಕಥೆಯನ್ನು ಮೊದಲಿಗೇ ಹೇಳಿದ್ದಕ್ಕೆ ಕಾರಣವಿದೆ. ಪೂರ್ವದ ಡ್ರ್ಯಾಗನ್ ಮಂಗಳಕರ, ಪಶ್ಚಿಮದ ಡ್ರ್ಯಾಗನ್ ದುಷ್ಟ ಎಂಬ ಮಾತು ಈ ವಿಷಯ ಬಂದಾಗಲೆಲ್ಲ ಕೇಳಿಬರುತ್ತದೆ. ಅದು ಸುಳ್ಳಲ್ಲವಾದರೂ ಆ ಮಾತಿನಿಂದ ನಾವು ಹೆಚ್ಚು ದೂರ ಹೋಗಲಾರೆವು. ಈಗ ಕೇಳಿದ ಕಥೆಯಲ್ಲಿ ಡ್ರ್ಯಾಗನ್ ಒಳ್ಳೆಯವನೋ ಕೆಟ್ಟವನೋ ಎಂಬ ಪ್ರಶ್ನೆಗೆ ಅರ್ಥವೇ ಇಲ್ಲ. ಅವನು ಒಬ್ಬ ಅಧಿಕಾರಿ. ಅವನಿಗೆ ಮೇಲಿನಿಂದ ಆಜ್ಞೆ ಬರುತ್ತದೆ, ಹನಿಹನಿಗೂ ಲೆಕ್ಕವಿದೆ, ಲೆಕ್ಕ ತಪ್ಪಿದರೆ ತಲೆದಂಡ. ಯುರೋಪಿನ ಡ್ರ್ಯಾಗನ್‌ಗೆ ಇಂಥ ಮೇಲಧಿಕಾರಿ ಇಲ್ಲ. ಅದು ಒಂದು ಕೊಳವನ್ನೋ ದಾರಿಯನ್ನೋ ಚಿನ್ನದ ರಾಶಿಯನ್ನೋ ಅಡ್ಡಗಟ್ಟಿ ಮಲಗಿದೆ, ಬಿಡಿಸಿಕೊಳ್ಳಲು ವೀರನೋ ಸಂತನೋ ಬರಬೇಕು. ಎರಡೂ ಕಡೆ ಮೊದಲಿಗೆ ಇದ್ದದ್ದು ನೀರು ಮತ್ತು ಅದರ ಭಯ. ಆ ಭಯವನ್ನು ಚೀನಾದಲ್ಲಿ ರಾಜ್ಯಾಡಳಿತ ಕೈಗೆತ್ತಿಕೊಂಡಿತು, ಯುರೋಪಿನಲ್ಲಿ ವೀರಕಾವ್ಯವೂ ಚರ್ಚೂ ಕೈಗೆತ್ತಿಕೊಂಡವು. ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಇಷ್ಟೇ.

ಚೀನಾದಲ್ಲಿ ಡ್ರ್ಯಾಗನ್ನಿನ ಪ್ರಾಚೀನತೆಗೆ ನೆಲದಡಿಯ ಸಾಕ್ಷಿಗಳಿವೆ. 1987ರಲ್ಲಿ ಹೆನಾನ್ ಪ್ರಾಂತ್ಯದ ಪುಯಾಂಗ್ ಬಳಿಯ ಶಿಶುಯಿಪೊ ಎಂಬಲ್ಲಿ ಸುಮಾರು 6,000 ವರ್ಷ ಹಳೆಯ ಸಮಾಧಿಯೊಂದು ಹೊರಬಂತು. ಅಸ್ಥಿಪಂಜರದ ಪೂರ್ವಕ್ಕೆ ಚಿಪ್ಪುಗಳನ್ನು ಜೋಡಿಸಿ ಮಾಡಿದ ಡ್ರ್ಯಾಗನ್, ಪಶ್ಚಿಮಕ್ಕೆ ಅದೇ ರೀತಿಯ ಹುಲಿ. ಎಷ್ಟೋ ಸಾವಿರ ವರ್ಷಗಳ ನಂತರದ ಚೀನಾದಲ್ಲಿಯೂ ಪೂರ್ವ ದಿಕ್ಕು ಹಸಿರು ಡ್ರ್ಯಾಗನ್ನಿನದು, ಪಶ್ಚಿಮ ಬಿಳಿ ಹುಲಿಯದು. ಅರ್‌ಲಿತೌ ಎಂಬ ಕಂಚಿನ ಯುಗದ ನೆಲೆಯಲ್ಲಿ 2002ರಲ್ಲಿ ಸಿಕ್ಕಿದ ಡ್ರ್ಯಾಗನ್ ಎರಡು ಸಾವಿರಕ್ಕೂ ಹೆಚ್ಚು ವೈಡೂರ್ಯಬಣ್ಣದ ನೀಲಿಹಸಿರು ಕಲ್ಲುಚೂರುಗಳಿಂದ ಕೂಡಿಸಿದ್ದು. ಜಿಂಕೆಯ ಕೊಂಬು, ಒಂಟೆಯ ತಲೆ, ಹಾವಿನ ಕತ್ತು, ಮೀನಿನ ಹುರುಪೆ, ಗಿಡುಗನ ಉಗುರು, ಹುಲಿಯ ಅಂಗಾಲು, ಎತ್ತಿನ ಕಿವಿ ಎಂದು ಒಂಬತ್ತು ಪ್ರಾಣಿಗಳ ಹೋಲಿಕೆ ಹೇಳುವ ಪ್ರಸಿದ್ಧ ವರ್ಣನೆ ಇವಕ್ಕಿಂತ ಬಹಳ ಈಚಿನದು. ಚಿತ್ರಕಾರರಿಗೆ ಅದು ಉಪಯುಕ್ತ. ನಮಗೆ ಅದಕ್ಕಿಂತ ಮುಖ್ಯವಾದುದು ಡ್ರ್ಯಾಗನ್ ಏನು ಮಾಡುತ್ತದೆ ಎಂಬುದು.

ಕ್ರಿ.ಶ. 100ರ ಸುಮಾರಿಗೆ ಶೂ ಶೆನ್ ರಚಿಸಿದ ನಿಘಂಟು ಅದನ್ನು ಚುಟುಕಾಗಿ ಹೇಳಿಬಿಡುತ್ತದೆ. ಡ್ರ್ಯಾಗನ್ ಕಾಣಿಸಿಕೊಳ್ಳಬಲ್ಲದು, ಮರೆಯಾಗಬಲ್ಲದು, ಹಿಗ್ಗಬಲ್ಲದು, ಕುಗ್ಗಬಲ್ಲದು. ವಸಂತದ ವಿಷುವದಲ್ಲಿ ಆಕಾಶಕ್ಕೇರುತ್ತದೆ, ಶರತ್ಕಾಲದ ವಿಷುವದಲ್ಲಿ ಮಡುವಿಗಿಳಿಯುತ್ತದೆ. ಇದು ಬರೀ ಕಲ್ಪನೆಯೆಂದು ತಳ್ಳಿಹಾಕಬೇಡಿ. ಚೀನೀ ಖಗೋಳದಲ್ಲಿ ಪೂರ್ವದ ಏಳು ನಕ್ಷತ್ರಮಂಡಲಗಳು ಕೂಡಿ ಒಂದು ಡ್ರ್ಯಾಗನ್. ನಾವು ಚಿತ್ತಾ ಎನ್ನುವ ನಕ್ಷತ್ರ ಅದರ ಕೊಂಬಿನಲ್ಲಿದೆ, ಜ್ಯೇಷ್ಠಾ ಅದರ ಹೃದಯದಲ್ಲಿದೆ. ವಸಂತಾರಂಭದ ಸಂಜೆ ಪೂರ್ವ ದಿಗಂತದಲ್ಲಿ ಮೊದಲು ಕೊಂಬು ಮೂಡುತ್ತದೆ. ಚಾಂದ್ರಮಾನದ ಎರಡನೆಯ ತಿಂಗಳ ಎರಡನೆಯ ದಿನವನ್ನು ‘ಡ್ರ್ಯಾಗನ್ ತಲೆಯೆತ್ತುವ ದಿನ’ ಎಂದು ಈಗಲೂ ಆಚರಿಸುತ್ತಾರೆ. ಉತ್ತರ ಚೀನಾದ ರೈತನಿಗೆ ಉಳುಮೆಯ ಕಾಲ ಬಂತೆಂಬ ಸೂಚನೆ ಅದು. ನಮ್ಮ ರೈತರು ರೋಹಿಣಿ, ಮೃಗಶಿರ, ಆರಿದ್ರೆ ಎಂದು ಮಳೆಯನ್ನು ನಕ್ಷತ್ರದ ಹೆಸರಿನಿಂದ ಕರೆಯುವವರಾದ್ದರಿಂದ ನಿಮಗೆ ಇದು ವಿಚಿತ್ರವಾಗಿ ತೋರಲಾರದು.

ಈ ನೀರಿನ ಪ್ರಾಣಿ ಆಡಳಿತದ ಕಡತದೊಳಕ್ಕೆ ಬಂದದ್ದು ಹೇಗೆ? ‘ಜೂವೊಝುವಾನ್’ ಎಂಬ ಹಳೆಯ ಇತಿಹಾಸ ಗ್ರಂಥದಲ್ಲಿ ಕ್ರಿ.ಪೂ. 513ರ ಕೆಳಗೆ ಒಂದು ಪ್ರಸಂಗವಿದೆ. ರಾಜಧಾನಿಯ ಹೊರವಲಯದಲ್ಲಿ ಡ್ರ್ಯಾಗನ್ ಕಾಣಿಸಿತಂತೆ. ಇಂಥದ್ದನ್ನು ಜೀವಂತ ಹಿಡಿಯಲಾಗುವುದಿಲ್ಲವಲ್ಲ, ಅಷ್ಟು ಜಾಣ ಪ್ರಾಣಿಯೇ ಎಂದು ಒಬ್ಬ ಪ್ರಭು ಕೇಳುತ್ತಾನೆ. ಆಸ್ಥಾನದ ವಿದ್ವಾಂಸ ಕೊಡುವ ಉತ್ತರ ಹೀಗಿದೆ: ಡ್ರ್ಯಾಗನ್ ಜಾಣವಲ್ಲ, ನಾವು ದಡ್ಡರಾಗಿದ್ದೇವೆ. ಹಿಂದೆ ಡ್ರ್ಯಾಗನ್ ಸಾಕುವುದಕ್ಕೆಂದೇ ಅಧಿಕಾರಿಗಳಿದ್ದರು. ಡ್ರ್ಯಾಗನ್ ನೀರಿಗೆ ಸೇರಿದ್ದು. ನೀರಿನ ಅಧಿಕಾರಿಯ ಹುದ್ದೆಯನ್ನೇ ಕೈಬಿಟ್ಟ ಮೇಲೆ ಅದು ಕೈಗೆ ಸಿಗುವುದಾದರೂ ಹೇಗೆ? ಅದೇ ವಿದ್ವಾಂಸ ಲಿಯು ಲೇ ಎಂಬ ಸಾಕಣೆದಾರನ ಕಥೆಯನ್ನೂ ಹೇಳುತ್ತಾನೆ. ಅರಸನ ಡ್ರ್ಯಾಗನ್‌ಗಳ ಪೈಕಿ ಒಂದು ಹೆಣ್ಣು ಸತ್ತಾಗ ಅವನು ಅದರ ಮಾಂಸವನ್ನು ಉಪ್ಪಿನಲ್ಲಿ ಹದಮಾಡಿ ಗುಟ್ಟಾಗಿ ಅರಸನಿಗೇ ಬಡಿಸಿದ. ಅರಸನಿಗೆ ರುಚಿ ಹತ್ತಿ ಇನ್ನಷ್ಟು ಬೇಕೆಂದಾಗ ಊರುಬಿಟ್ಟು ಓಡಿಹೋದ. ಚೀನೀ ಗ್ರಂಥಗಳಲ್ಲಿ ನನಗೆ ಬಹಳ ಇಷ್ಟವಾದ ಕಥೆಗಳಲ್ಲಿ ಇದೂ ಒಂದು. ಪವಿತ್ರ ಪ್ರಾಣಿಯ ಬಗ್ಗೆ ಇಷ್ಟು ನಿರ್ಭಿಡೆಯಿಂದ ಬರೆಯಬಲ್ಲ ಸಮಾಜ ಅದನ್ನು ಬರೀ ಪೂಜಿಸುತ್ತಿತ್ತು ಎನ್ನಲಾಗದು.

ಹಾನ್ ಕಾಲದ ಪಂಡಿತ ದೊಂಗ್ ಜೊಂಗ್‌ಶು ಹೆಸರಿನಲ್ಲಿ ಉಳಿದಿರುವ ಗ್ರಂಥದಲ್ಲಿ ಮಳೆ ತರಿಸುವ ವಿಧಿ ಸರ್ಕಾರಿ ಸುತ್ತೋಲೆಯ ಧಾಟಿಯಲ್ಲಿದೆ. ವಸಂತದಲ್ಲಿ ಬರ ಬಂದರೆ ಎಂಟು ಝಾಂಗ್ (ಉದ್ದದ ಹಳೆಯ ಚೀನೀ ಅಳತೆ) ಉದ್ದದ ಒಂದು ದೊಡ್ಡ ಹಸಿರು ಮಣ್ಣಿನ ಡ್ರ್ಯಾಗನ್, ಅದರ ಅರ್ಧದಷ್ಟು ಉದ್ದದ ಏಳು ಚಿಕ್ಕವು, ಎಲ್ಲವೂ ಪೂರ್ವಕ್ಕೆ ಮುಖಮಾಡಿ ಇರಬೇಕು. ಬೇಸಿಗೆಯಾದರೆ ಕೆಂಪು ಬಣ್ಣ, ದಕ್ಷಿಣ ದಿಕ್ಕು. ಶರತ್ಕಾಲಕ್ಕೆ ಬಿಳಿ, ಪಶ್ಚಿಮ. ಚಳಿಗಾಲಕ್ಕೆ ಕಪ್ಪು, ಉತ್ತರ. ನಂತರದ ಶತಮಾನಗಳಲ್ಲಿ ಹಳ್ಳಿಹಳ್ಳಿಗೂ ಡ್ರ್ಯಾಗನ್ ರಾಜನ ಗುಡಿಗಳಾದ ಮೇಲೆ, ಪ್ರಾರ್ಥನೆಗೆ ಮಳೆ ಬಾರದಿದ್ದರೆ ಜನ ವಿಗ್ರಹವನ್ನು ಹೊರಗೆ ತಂದು ಸುಡುಬಿಸಿಲಿನಲ್ಲಿ ಕೂರಿಸುತ್ತಿದ್ದರು. ಬೆಳೆ ಒಣಗುವ ಸಂಕಟ ಅವನಿಗೂ ತಿಳಿಯಲಿ ಎಂಬುದು ಉದ್ದೇಶ. ಕರ್ತವ್ಯಲೋಪಕ್ಕೆ ಶಿಕ್ಷೆ ಕೊಡುವ ಹಕ್ಕು ಸ್ವರ್ಗಕ್ಕಷ್ಟೇ ಇರಲಿಲ್ಲ, ರೈತನಿಗೂ ಇತ್ತು.

ಈ ಗುಡಿಗಳ ಡ್ರ್ಯಾಗನ್ ರಾಜನಲ್ಲಿ ಭಾರತದ ಪಾಲೂ ದೊಡ್ಡದು. ಬೌದ್ಧ ಗ್ರಂಥಗಳೊಂದಿಗೆ ನಮ್ಮ ನಾಗರಾಜರು ಚೀನಾಕ್ಕೆ ಹೋದರು, ಅಲ್ಲಿನ ಡ್ರ್ಯಾಗನ್ನಿನೊಂದಿಗೆ ಬೆರೆತುಹೋದರು. ‘ಸದ್ಧರ್ಮಪುಂಡರೀಕ’ ಸೂತ್ರದ ಆರಂಭದಲ್ಲಿ ಬುದ್ಧನ ಮಾತು ಕೇಳಲು ಬಂದ ಎಂಟು ನಾಗರಾಜರ ಪಟ್ಟಿಯಿದೆ; ನಂದ, ಉಪನಂದ, ಸಾಗರರ ಜೊತೆಗೆ ನಾವು ಮಹಾಭಾರತದಿಂದ ಬಲ್ಲ ವಾಸುಕಿ, ತಕ್ಷಕರೂ ಅಲ್ಲಿದ್ದಾರೆ. ಸಾಗರರಾಜನ ಎಂಟು ವರ್ಷದ ಮಗಳು ಬುದ್ಧನಿಗೆ ಅಮೂಲ್ಯ ರತ್ನವೊಂದನ್ನು ಅರ್ಪಿಸುವ ಪ್ರಸಂಗ ಚೀನಾದಲ್ಲಿ ಅತ್ಯಂತ ಜನಪ್ರಿಯವಾಯಿತು. ನೀರಿನಡಿಯ ಅರಮನೆ, ಅಲ್ಲಿನ ರತ್ನಭಂಡಾರ, ರಾಜಕುಮಾರಿಯರು, ಇವೆಲ್ಲ ಬೌದ್ಧ ಕಥೆಗಳ ದಾರಿಯಲ್ಲೇ ಅಲ್ಲಿ ಹುಲುಸಾಗಿ ಬೆಳೆದವು. 12ನೆಯ ಶತಮಾನದ ಆರಂಭದಲ್ಲಿ ಸಾಂಗ್ ಚಕ್ರವರ್ತಿ ಹುಯಿಜೊಂಗ್ ಐದು ಬಣ್ಣದ ಐದು ಡ್ರ್ಯಾಗನ್‌ಗಳಿಗೆ ರಾಜಪದವಿ ನೀಡಿದ. ದೇವತೆಗೆ ಅರಸನು ಬಡ್ತಿ ಕೊಡುವುದು ಎಂದರೆ ಏನೆಂದು ಯೋಚಿಸಿ. ಅರಸನೂ ಡ್ರ್ಯಾಗನ್ನೂ ಒಂದೇ ಎನ್ನುವ ಇನ್ನೊಂದು ಧಾರೆ ಇದಕ್ಕಿಂತ ಹಳೆಯದು. ಹಾನ್ ವಂಶದ ಸ್ಥಾಪಕ ಲಿಯು ಬಾಂಗ್ ಹುಟ್ಟುವ ಮುನ್ನ ಅವನ ತಾಯಿಯ ಮೇಲೆ ಡ್ರ್ಯಾಗನ್ ಕಾಣಿಸಿತ್ತೆಂದು ಇತಿಹಾಸಕಾರ ಸೀಮಾ ಚಿಯೆನ್ ಬರೆದಿದ್ದಾನೆ. ಮುಂದೆ ಐದು ಉಗುರಿನ ಡ್ರ್ಯಾಗನ್ ಚಕ್ರವರ್ತಿಯ ಗುರುತಾಯಿತು. ದಾತೊಂಗ್ ನಗರದಲ್ಲಿ 1392ರಲ್ಲಿ ಮಿಂಗ್ ಸ್ಥಾಪಕ ಚಕ್ರವರ್ತಿಯ ಮಗನ ಅರಮನೆಯ ಮುಂದೆ ಕಟ್ಟಿದ, 45 ಮೀಟರಿಗೂ ಉದ್ದವಾದ ಒಂಬತ್ತು ಡ್ರ್ಯಾಗನ್‌ಗಳ ಗೋಡೆಯನ್ನು ನೋಡಿದವರು ಉಗುರು ಎಣಿಸಬೇಕು. ಅಲ್ಲಿರುವುದು ನಾಲ್ಕೇ, ಏಕೆಂದರೆ ಅವನು ಚಕ್ರವರ್ತಿಯಲ್ಲ.

ಯುರೋಪಿನ ಕಡೆ ಹೊರಡುವ ಮುನ್ನ ನಮ್ಮದೇ ಋಗ್ವೇದದ ಒಂದನೆಯ ಮಂಡಲದ 32ನೆಯ ಸೂಕ್ತದಲ್ಲಿ ಸ್ವಲ್ಪ ನಿಲ್ಲಬೇಕು. ವೃತ್ರನೆಂಬ ಮಹಾಸರ್ಪ ಬೆಟ್ಟದ ಮೇಲೆ ನೀರನ್ನು ತಡೆದು ಮಲಗಿದೆ. ಇಂದ್ರ ವಜ್ರದಿಂದ ಅದನ್ನು ಕೊಲ್ಲುತ್ತಾನೆ. ಅಂಬಾ ಎನ್ನುತ್ತಾ ಓಡುವ ಹಸುಗಳ ಹಾಗೆ ನೀರು ಸಮುದ್ರದ ಕಡೆಗೆ ಧಾವಿಸುತ್ತದೆ. ‘ಅಹನ್ನಹಿಮ್’, ಸರ್ಪವನ್ನು ಕೊಂದನು, ಎಂಬ ಈ ಚಿಕ್ಕ ಪದಗುಚ್ಛಕ್ಕೆ ಗ್ರೀಕ್, ಹಿಟ್ಟೈಟ್, ಹಳೆಯ ಐರಿಷ್ ಮುಂತಾದ ಬಂಧುಭಾಷೆಗಳ ಕಾವ್ಯದಲ್ಲಿ ಸೋದರಸಂಬಂಧಿಗಳಿವೆ ಎಂದು ಭಾಷಾಶಾಸ್ತ್ರಜ್ಞ ಕ್ಯಾಲ್ವರ್ಟ್ ವಾಟ್ಕಿನ್ಸ್ 1995ರ ತಮ್ಮ ಗ್ರಂಥದಲ್ಲಿ ವಿಸ್ತಾರವಾಗಿ ವಾದಿಸಿದ್ದಾರೆ. ಹಾಗಾಗಿ ಈ ಪ್ರಶ್ನೆಯಲ್ಲಿ ಭಾರತ ಎರಡು ಕಡೆಯೂ ಇದೆ. ವೃತ್ರನ ಕಡೆಯಿಂದ ನೋಡಿದರೆ ಯುರೋಪಿನ ನೆಂಟರು. ಕರಾವಳಿಯ ನಾಗಬನದಲ್ಲಿ ತನು ಎರೆಯುವವರ ಕಡೆಯಿಂದ ನೋಡಿದರೆ ಚೀನಾದ ಡ್ರ್ಯಾಗನ್ ರಾಜನ ನೆಂಟರು.

ಯುರೋಪಿನ ಡ್ರ್ಯಾಗನ್ ಎಂದೊಡನೆ ನಮ್ಮ ಕಣ್ಣಿಗೆ ಬರುವುದು ಬೆಂಕಿ. ಆದರೆ ಹಳೆಯ ಕಥೆಗಳನ್ನು ಒಂದೊಂದಾಗಿ ತೆಗೆದು ಅವು ನಡೆಯುವ ಜಾಗ ನೋಡಿ. ಡೆಲ್ಫಿಯಲ್ಲಿ ಅಪೊಲೊ ಹೆಣ್ಣು ಡ್ರ್ಯಾಗನ್ನನ್ನು ಕೊಂದದ್ದು ತಿಳಿನೀರಿನ ಬುಗ್ಗೆಯ ಪಕ್ಕದಲ್ಲಿ. ಹೆರಾಕ್ಲಿಸ್ ಕಡಿದ ಹೈಡ್ರಾ ಇದ್ದದ್ದು ಲೆರ್ನಾದ ಜೌಗಿನಲ್ಲಿ. ಥೀಬ್ಸ್ ನಗರ ಕಟ್ಟಲು ಬಂದ ಕಾಡ್ಮಸ್ ನೀರು ತರಲು ಕಳಿಸಿದ ಆಳುಗಳನ್ನು ಕೊಂದದ್ದು ಬುಗ್ಗೆ ಕಾಯುತ್ತಿದ್ದ ಡ್ರ್ಯಾಗನ್. ಫ್ರಾನ್ಸಿಗೆ ಬಂದರೆ ರೋನ್ ನದಿಯ ತಾರಾಸ್ಕ್, ಸೇನ್ ನದಿಯ ಗಾರ್ಗೂಯ್. ಪ್ಯಾರಿಸಿನ ಬಿಷಪ್ ಸಂತ ಮಾರ್ಸೆಲ್ ಡ್ರ್ಯಾಗನ್ನನ್ನು ಓಡಿಸಿದ ಕಥೆಯ ಹಿಂದೆ ನದಿಬಯಲಿನ ಜೌಗುನೆಲವನ್ನು ಮನುಷ್ಯವಾಸಕ್ಕೆ ಒಗ್ಗಿಸಿಕೊಂಡ ನೆನಪಿದೆ ಎಂದು ಇತಿಹಾಸಕಾರ ಜಾಕ್ ಲ ಗೋಫ್ ಓದಿದ್ದಾರೆ. ಎಲ್ಲ ಡ್ರ್ಯಾಗನ್ ಕಥೆಗೂ ಈ ಒಂದೇ ಕೀಲಿಕೈ ಹಾಕಲು ನಾನು ಸಿದ್ಧನಿಲ್ಲ, ಆದರೆ ನೀರು ಇಷ್ಟು ಸಲ ಮರುಕಳಿಸುವುದು ಆಕಸ್ಮಿಕವಿರಲಾರದು.

ಸಂತ ಜಾರ್ಜನ ಕಥೆಯನ್ನು 13ನೆಯ ಶತಮಾನದಲ್ಲಿ ಯಾಕೋಬುಸ್ ದ ವೊರಾಜಿನೆ ಸಂಕಲಿಸಿದ ‘ಸುವರ್ಣ ಪುರಾಣ’ದಲ್ಲಿ ಇರುವಂತೆ ಹೇಳುತ್ತೇನೆ, ಏಕೆಂದರೆ ಭಿತ್ತಿಚಿತ್ರಗಳಲ್ಲಿ ಕಾಣುವುದು ಅದರ ಒಂದು ಕ್ಷಣ ಮಾತ್ರ. ಲಿಬಿಯದ ಸಿಲೇನಾ ಎಂಬ ನಗರದ ಪಕ್ಕದಲ್ಲಿ ಸಮುದ್ರದಂಥ ದೊಡ್ಡ ಕೆರೆ, ಅದರಲ್ಲಿ ಡ್ರ್ಯಾಗನ್. ಅದರ ಉಸಿರೇ ವಿಷ. ಅದು ಊರ ಗೋಡೆಯ ಹತ್ತಿರ ಬಾರದಿರಲೆಂದು ಜನ ದಿನಕ್ಕೆ ಎರಡು ಕುರಿ ಕೊಟ್ಟರು. ಕುರಿ ಕಡಿಮೆಯಾದಾಗ ಒಂದು ಕುರಿ, ಒಬ್ಬ ಮನುಷ್ಯ. ಚೀಟಿ ಎತ್ತುತ್ತಾ ಎತ್ತುತ್ತಾ ಸರದಿ ಅರಸನ ಮಗಳಿಗೇ ಬಂತು. ಅರಸ ಚಿನ್ನ, ಬೆಳ್ಳಿ, ಅರ್ಧ ರಾಜ್ಯ ಕೊಡುತ್ತೇನೆಂದರೂ, ತಮ್ಮ ಮಕ್ಕಳನ್ನು ಕಳೆದುಕೊಂಡಿದ್ದ ಜನ ಒಪ್ಪಲಿಲ್ಲ. ಕೆರೆಯ ದಂಡೆಯಲ್ಲಿ ಅಳುತ್ತಿದ್ದ ರಾಜಕುಮಾರಿಯನ್ನು ದಾರಿಹೋಕ ಯೋಧ ಜಾರ್ಜ್ ಕಂಡ. ಅವನು ಈಟಿಯಿಂದ ಡ್ರ್ಯಾಗನ್ನನ್ನು ನೆಲಕ್ಕುರುಳಿಸಿದ, ಕೊಲ್ಲಲಿಲ್ಲ. ‘ನಿನ್ನ ನಡುಪಟ್ಟಿಯನ್ನು ಅದರ ಕೊರಳಿಗೆ ಹಾಕು’ ಎಂದ. ಹುಡುಗಿ ಹಾಕಿದಳು, ಡ್ರ್ಯಾಗನ್ ಸಾಕುನಾಯಿಯ ಹಾಗೆ ಅವಳ ಹಿಂದೆ ನಡೆಯಿತು. ಊರಿನವರು ದಿಕ್ಕಾಪಾಲಾಗಿ ಓಡುತ್ತಿದ್ದಾಗ ಜಾರ್ಜ್ ಷರತ್ತು ಮುಂದಿಟ್ಟ: ಎಲ್ಲರೂ ಕ್ರೈಸ್ತ ದೀಕ್ಷೆ ಪಡೆದರೆ ಇದನ್ನು ಕೊಲ್ಲುತ್ತೇನೆ. ಅರಸನೂ ಸಾವಿರಾರು ಜನರೂ ದೀಕ್ಷೆ ಪಡೆದ ಮೇಲೆಯೇ ಕತ್ತಿ ಬೀಸಿದ. ಅರಸ ಕಟ್ಟಿಸಿದ ಚರ್ಚಿನ ವೇದಿಕೆಯಿಂದ ಒಂದು ಬುಗ್ಗೆ ಹುಟ್ಟಿತು, ಅದರ ನೀರು ಕುಡಿದವರ ಕಾಯಿಲೆ ವಾಸಿಯಾಗುತ್ತಿತ್ತು.

ಈ ಕೊನೆಯ ವಿವರವನ್ನು ಹೆಚ್ಚಿನವರು ಹೇಳದೆ ಬಿಡುತ್ತಾರೆ, ನನಗೆ ಇಡೀ ಕಥೆಯ ಗಂಟು ಅಲ್ಲೇ ಇದೆ ಎನಿಸುತ್ತದೆ. ವಿಷದ ಕೆರೆಯಿಂದ ಕಥೆ ಶುರುವಾಗಿ ಔಷಧದ ಬುಗ್ಗೆಯಲ್ಲಿ ಮುಗಿಯುತ್ತದೆ. ನಡುವೆ ನೀರಿನ ಒಡೆತನ ಡ್ರ್ಯಾಗನ್ನಿನಿಂದ ಚರ್ಚಿಗೆ ವರ್ಗಾವಣೆಯಾಗಿದೆ. ಜಾರ್ಜನ ಹಳೆಯ ಚರಿತ್ರೆಗಳಲ್ಲಿ ಡ್ರ್ಯಾಗನ್ನೇ ಇಲ್ಲ, ಅವನು ಚಿತ್ರಹಿಂಸೆ ಅನುಭವಿಸಿ ಸತ್ತ ಹುತಾತ್ಮ ಮಾತ್ರ. ಡ್ರ್ಯಾಗನ್ ಅವನ ಕಥೆಯೊಳಗೆ ಬಂದದ್ದು 11ನೆಯ ಶತಮಾನದ ಸುಮಾರಿಗೆ. ಬೈಬಲ್ಲಿನ ಕೊನೆಯ ಪುಸ್ತಕದಲ್ಲಿ ಏಳು ತಲೆ, ಹತ್ತು ಕೊಂಬಿನ ಕೆಂಪು ಡ್ರ್ಯಾಗನ್ನನ್ನು ಸೈತಾನನೆಂದೇ ಕರೆದ ಮೇಲೆ, ಸ್ಥಳೀಯ ಜಲಸರ್ಪಗಳೆಲ್ಲ ಅವನ ಪರಿವಾರಕ್ಕೆ ಸೇರಿಕೊಳ್ಳುವುದು ಸುಲಭವಾಯಿತು. ಸೈತಾನನಿಗೆ ಶಿಸ್ತುಕ್ರಮ ಜರುಗಿಸಿ ಮತ್ತೆ ಕೆಲಸಕ್ಕೆ ತೆಗೆದುಕೊಳ್ಳಲು ಬರುವುದಿಲ್ಲವಷ್ಟೆ.

ಉತ್ತರ ಯುರೋಪಿನಲ್ಲಿ ನೀರಿನ ಜಾಗಕ್ಕೆ ಚಿನ್ನ ಬರುತ್ತದೆ. ಹಳೆಯ ಇಂಗ್ಲಿಷಿನ ‘ಬೇವುಲ್ಫ್’ ಕಾವ್ಯದ ಡ್ರ್ಯಾಗನ್ ಮುನ್ನೂರು ಚಳಿಗಾಲ ಒಂದು ದಿಬ್ಬದೊಳಗೆ ನಿಧಿಯ ಮೇಲೆ ಮಲಗಿತ್ತು. ಯಾರೋ ಒಬ್ಬ ಒಂದೇ ಒಂದು ಬಟ್ಟಲು ಕದ್ದ. ಅಷ್ಟಕ್ಕೇ ಅದು ಊರೂರು ಸುಟ್ಟಿತು. ಐವತ್ತು ವರ್ಷ ಆಳಿ ಮುದುಕನಾಗಿದ್ದ ಬೇವುಲ್ಫ್ ಅದನ್ನು ಕೊಂದು ತಾನೂ ಸತ್ತ, ಜೊತೆಗೆ ಬಂದವರಲ್ಲಿ ವಿಗ್ಲಾಫ್ ಒಬ್ಬನೇ ಓಡಿಹೋಗದೆ ನಿಂತಿದ್ದ. ಅಷ್ಟು ಹೋರಾಡಿ ಗೆದ್ದ ಚಿನ್ನವನ್ನು ಜನ ಅವನ ಚಿತೆಯ ಜಾಗದಲ್ಲಿ ಮತ್ತೆ ಮಣ್ಣಿಗೇ ಹಾಕಿದರು. ಬಂಟರಿಗೆ ಬಳೆ, ಉಂಗುರ ಹಂಚುವುದೇ ಅರಸನ ಧರ್ಮವಾಗಿದ್ದ ಸಮಾಜದಲ್ಲಿ, ಕೂಡಿಟ್ಟು ಕಾಯುವ ಪ್ರಾಣಿ ಕೆಟ್ಟ ಅರಸನ ಚಿತ್ರವಾಗುತ್ತದೆ. ನಾರ್ಸ್ ಕಥೆಗಳ ಫಾಫ್ನಿರ್ ಹುಟ್ಟಾ ಡ್ರ್ಯಾಗನ್ ಅಲ್ಲವೇ ಅಲ್ಲ. ತಂದೆಯನ್ನು ಕೊಂದು ಚಿನ್ನ ಹೊತ್ತೊಯ್ದು ಅದರ ಮೇಲೆ ಮಲಗಿ ಡ್ರ್ಯಾಗನ್ ಆದವನು. ಸಿಗುರ್ಡ್ ಹಳ್ಳ ತೋಡಿ, ಅದರಲ್ಲಿ ಅಡಗಿ, ಕೆಳಗಿನಿಂದ ತಿವಿದು ಅವನನ್ನು ಕೊಂದ ದೃಶ್ಯ ಸ್ವೀಡನ್ನಿನ ರಾಮ್‌ಸುಂಡ್ ಬಂಡೆಯ ಮೇಲೆ 11ನೆಯ ಶತಮಾನದಲ್ಲಿ ಕೊರೆದದ್ದು ಇಂದಿಗೂ ಇದೆ.

ಇಷ್ಟು ಹೇಳಿದ ಮೇಲೆ ಅಪವಾದಗಳನ್ನು ಮುಚ್ಚಿಡಬಾರದು. ವೇಲ್ಸಿನ ಧ್ವಜದಲ್ಲಿರುವುದು ಕೆಂಪು ಡ್ರ್ಯಾಗನ್. ಕೊಳದಡಿಯಲ್ಲಿ ಬಿಳಿ ಡ್ರ್ಯಾಗನ್ನಿನೊಂದಿಗೆ ಕಾದಾಡಿದ ಅದರ ಕಥೆ 9ನೆಯ ಶತಮಾನದ ಲ್ಯಾಟಿನ್ ಗ್ರಂಥದಲ್ಲಿಯೇ ಇದೆ. ಬಲ್ಗೇರಿಯದ ಜಾನಪದದಲ್ಲಿ ‘ಜ್ಮೆಯ್’ ಎಂಬ ಡ್ರ್ಯಾಗನ್ ಊರಿನ ಕಾವಲುಗಾರ, ಆಲಿಕಲ್ಲು ತರುವ ದುಷ್ಟಶಕ್ತಿಯೊಡನೆ ಹೋರಾಡಿ ಬೆಳೆ ಉಳಿಸುತ್ತದೆ. ಚೀನಾದಲ್ಲಿಯೂ ಡ್ರ್ಯಾಗನ್ ಕೊಂದವರಿದ್ದಾರೆ. ಜಗತ್ಪ್ರಳಯದ ಹೊತ್ತಿನಲ್ಲಿ ನ್ಯೂವಾ ದೇವಿ ಕಪ್ಪು ಡ್ರ್ಯಾಗನ್ನನ್ನು ಕೊಂದು ನಾಡನ್ನು ಉಳಿಸಿದಳು. ಝೌ ಚೂ ಎಂಬ ಪುಂಡನ ಕಥೆ ಇನ್ನೂ ಸೊಗಸು. ಬೆಟ್ಟದಲ್ಲಿ ಹುಲಿ, ನೀರಿನಲ್ಲಿ ಡ್ರ್ಯಾಗನ್ ಜಾತಿಯ ಜಿಯಾವ್, ಊರಿನಲ್ಲಿ ಝೌ ಚೂ ಎಂದು ಜನ ಮೂರು ಪೀಡೆಗಳನ್ನು ಎಣಿಸುತ್ತಿದ್ದರು. ಹುಲಿಯನ್ನು ಕೊಂದ ಅವನು ನೀರಿಗಿಳಿದು ಮೂರು ಹಗಲು ಮೂರು ರಾತ್ರಿ ಜಿಯಾವ್‌ನೊಡನೆ ತೇಲುತ್ತಾ ಮುಳುಗುತ್ತಾ ಸೆಣಸಿದ. ಜಿಯಾವ್ ಜೊತೆಗೆ ಅವನೂ ಸತ್ತನೆಂದು ಊರು ಹಬ್ಬ ಮಾಡುತ್ತಿದ್ದಾಗ ಮೇಲೆದ್ದು ಬಂದು, ಮೂರನೆಯ ಪೀಡೆ ತಾನೇ ಎಂದು ಆಗ ತಿಳಿದ. ಸಂತ ಜಾರ್ಜನ ಕಥೆಯಲ್ಲಿ ಡ್ರ್ಯಾಗನ್ ಸತ್ತು ಊರು ಬದಲಾಗುತ್ತದೆ, ಇಲ್ಲಿ ಕೊಂದವನು ಬದಲಾಗುತ್ತಾನೆ.

ಕೊನೆಯದಾಗಿ ಮೂಳೆಗಳ ವಿಷಯ. ಆಸ್ಟ್ರಿಯದ ಕ್ಲಾಗೆನ್‌ಫುರ್ಟ್ ಊರು ಡ್ರ್ಯಾಗನ್ ಕೊಂದು ಜೌಗಿನಲ್ಲಿ ಕಟ್ಟಿದ್ದೆಂಬ ಐತಿಹ್ಯವಿದೆ. 14ನೆಯ ಶತಮಾನದಲ್ಲಿ ಹತ್ತಿರದಲ್ಲಿ ಸಿಕ್ಕ ದೊಡ್ಡ ತಲೆಬುರುಡೆಯೊಂದನ್ನು ಆ ಡ್ರ್ಯಾಗನ್ನಿನದೇ ಎಂದು ಇಟ್ಟುಕೊಂಡಿದ್ದರು, 1590ರ ಸುಮಾರಿಗೆ ಊರ ಚೌಕದ ಕಲ್ಲಿನ ಡ್ರ್ಯಾಗನ್ನಿನ ತಲೆಯನ್ನು ಅದನ್ನು ನೋಡಿಯೇ ಕೆತ್ತಿದರು. 19ನೆಯ ಶತಮಾನದಲ್ಲಿ ಪರೀಕ್ಷಿಸಿದಾಗ ಅದು ಹಿಮಯುಗದ ಉಣ್ಣೆಗೂದಲಿನ ಖಡ್ಗಮೃಗದ ಬುರುಡೆ ಎಂದು ಗೊತ್ತಾಯಿತು. ಇಂಥವೇ ಪಳೆಯುಳಿಕೆಗಳು ಚೀನಾದಲ್ಲಿ ‘ಡ್ರ್ಯಾಗನ್ ಮೂಳೆ’ ಎಂಬ ಹೆಸರಿನಲ್ಲಿ ಔಷಧದ ಅಂಗಡಿ ಸೇರಿದವು. ಯುರೋಪಿನ ಊರಿಗೆ ಮೂಳೆ ಎಂದರೆ ಡ್ರ್ಯಾಗನ್ ಸತ್ತದ್ದಕ್ಕೆ ಪುರಾವೆ. ಸುಮಾರು 1,500 ವರ್ಷಗಳ ಹಿಂದೆ ಔಷಧಗ್ರಂಥ ಬರೆದ ತಾವೊ ಹೊಂಗ್‌ಜಿಂಗ್ ದಾಖಲಿಸಿದ ನಂಬಿಕೆಯೇ ಬೇರೆ: ಹಾವು ಪೊರೆ ಬಿಡುವ ಹಾಗೆ ಡ್ರ್ಯಾಗನ್ ಮೂಳೆ ಕಳಚಿಹೋಗುತ್ತದೆ, ಅದು ನಿಜವಾಗಿ ಸತ್ತಿರುವುದಿಲ್ಲ. ಸತ್ತಿಲ್ಲದ ಪ್ರಾಣಿಯ ಮೂಳೆಯಾದ್ದರಿಂದಲೇ ಅದನ್ನು ಅರೆದು ರೋಗಿಗೆ ಕೊಡುತ್ತಿದ್ದರು. 1903ರಲ್ಲಿ ಜರ್ಮನಿಯ ಮ್ಯಾಕ್ಸ್ ಶ್ಲೋಸರ್, ಚೀನೀ ಔಷಧದ ಅಂಗಡಿಗಳಿಂದ ಕೊಂಡು ತಂದ ಮೂಳೆಗಳ ಅಧ್ಯಯನ ಪ್ರಕಟಿಸಿದಾಗ ಅವುಗಳ ನಡುವೆ ಮನುಷ್ಯನದನ್ನು ಹೋಲುವ ಒಂದು ಹಲ್ಲೂ ಇತ್ತು. ಅದರ ಜಾಡು ಹಿಡಿದು ಹುಡುಕಿದವರಿಗೆ 1920ರ ದಶಕದಲ್ಲಿ ಪೀಕಿಂಗ್ ಮಾನವ ಎಂಬ ಆದಿಮಾನವನ ಅವಶೇಷಗಳು ಸಿಕ್ಕಿದ್ದು ಝೌಕೌದಿಯೆನ್ ಎಂಬಲ್ಲಿನ ಒಂದು ಗುಡ್ಡದಲ್ಲಿ. ಆ ಗುಡ್ಡಕ್ಕೆ ಊರಿನವರು ಇಟ್ಟಿದ್ದ ಹೆಸರು ಡ್ರ್ಯಾಗನ್ ಮೂಳೆಯ ಗುಡ್ಡ.